ಶೇ 2.91 ಹಾಲು ಹೋದದ್ದೆಲ್ಲಿಗೆ? ಒಂದು ಶೀತಲ ಕೇಂದ್ರದ ಎಂಐಎಸ್ ಪ್ರಕರಣ

ನಮ್ಮ ಕಚೇರಿಗಳಲ್ಲಿ ‘ಎಂಐಎಸ್’ ಎಂದರೆ ಸಂಜೆಯೊಳಗೆ ಮೇಲಿನವರಿಗೆ ಕಳಿಸಬೇಕಾದ ಎಕ್ಸೆಲ್ ಹಾಳೆ. ‘ಎಂಐಎಸ್ ಹೋಯ್ತಾ?’ ಎಂದು ಕೇಳುತ್ತಾರೆ, ‘ಹೋಯ್ತು’ ಎಂದರೆ ಮಾತು ಮುಗಿಯಿತು. ಪಠ್ಯಪುಸ್ತಕದ ‘ನಿರ್ವಹಣಾ ಮಾಹಿತಿ ವ್ಯವಸ್ಥೆ’ ಇದಕ್ಕಿಂತ ಬಹಳ ದೊಡ್ಡದು. ದಿನದ ವಹಿವಾಟು ಎಲ್ಲಿ ದಾಖಲಾಗುತ್ತದೆ, ಅದನ್ನು ಯಾರು ಒಟ್ಟುಗೂಡಿಸುತ್ತಾರೆ, ಯಾವ ಹೊತ್ತಿಗೆ ಯಾರ ಮೇಜಿಗೆ ತಲುಪುತ್ತದೆ, ಅದನ್ನು ನೋಡಿ ಅವರು ಏನು ತೀರ್ಮಾನಿಸುತ್ತಾರೆ, ತೀರ್ಮಾನದ ಫಲ ಮತ್ತೆ ದಾಖಲೆಗೆ ಹೇಗೆ ಬರುತ್ತದೆ ಎಂಬ ಇಡೀ ಸುತ್ತು ಅದರಲ್ಲಿ ಸೇರಿದೆ. ಈ ಸುತ್ತಿನಲ್ಲಿ ಒಂದು ಕಡೆ ಅರ್ಥ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದ ಹಾಲು ಸಹಕಾರ ವ್ಯವಸ್ಥೆಯ ಒಂದು ಘಟಕದ ಮೂಲಕ ಇಲ್ಲಿ ನೋಡಬಹುದು. ಒಕ್ಕೂಟ, ಊರು, ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದೆ. ಲೆಕ್ಕದ ತರ್ಕ ಮಾತ್ರ ಹಾಗೇ ಇದೆ.

ಹಿನ್ನೆಲೆ

1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಶುರುವಾದಾಗಿನಿಂದ ರಾಜ್ಯದಲ್ಲಿರುವುದು ಗುಜರಾತಿನ ಆನಂದ್ ಮಾದರಿಯ ಮೂರು ಹಂತದ ರಚನೆ. ಊರಿನಲ್ಲಿ ಹಾಲು ಉತ್ಪಾದಕರ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳ. ಊರಿನವರು ಸಂಘವನ್ನು ‘ಡೈರಿ’ ಎಂದೇ ಕರೆಯುತ್ತಾರೆ. ಅದನ್ನು ನಡೆಸುವವರು ಈಗ ಕಾಗದದ ಮೇಲೆ ಮುಖ್ಯ ಕಾರ್ಯನಿರ್ವಾಹಕರು, ಊರಿಗೆ ಇಂದಿಗೂ ಕಾರ್ಯದರ್ಶಿ.

ಈ ಪ್ರಕರಣದ ಶೀತಲ ಕೇಂದ್ರಕ್ಕೆ, ಅಂದರೆ ಸುತ್ತಲಿನ ಸಂಘಗಳ ಹಾಲನ್ನು ಒಟ್ಟುಗೂಡಿಸಿ ತಂಪಾಗಿಡುವ ಕೇಂದ್ರಕ್ಕೆ, 7 ಮಾರ್ಗಗಳಲ್ಲಿ 62 ಸಂಘಗಳಿಂದ ದಿನಕ್ಕೆ ಸುಮಾರು 55,000 ಲೀಟರ್ ಹಾಲು ಬರುತ್ತಿತ್ತು. ದೊಡ್ಡ ಸಂಘಗಳಲ್ಲಿ ಬಿಎಂಸಿ, ಅಂದರೆ ಹಾಲನ್ನು 4 ಡಿಗ್ರಿಗೆ ತಂಪು ಮಾಡಿ ಇಡುವ ಟ್ಯಾಂಕು ಇತ್ತು. ಸುತ್ತಲಿನ ಚಿಕ್ಕ ಸಂಘಗಳು 40 ಲೀಟರಿನ ಕ್ಯಾನುಗಳಲ್ಲಿ ಹಾಲು ಕಳಿಸುತ್ತಿದ್ದವು. ಹೆಚ್ಚಿನ ಕಡೆ ತೂಕದ ಯಂತ್ರ, ಹಾಲು ಪರೀಕ್ಷಿಸುವ ಅನಲೈಜರ್, ಪ್ರಿಂಟರ್ ಮೂರೂ ಸೇರಿದ ಸ್ವಯಂಚಾಲಿತ ಘಟಕವಿತ್ತು. ಆದರೆ ಅವನ್ನು ಬೇರೆ ಬೇರೆ ವರ್ಷಗಳಲ್ಲಿ ಮೂರು ಬೇರೆ ಕಂಪನಿಗಳಿಂದ ಕೊಂಡಿದ್ದರು. ಆಗ ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿ ಇದು.

ಮಾಹಿತಿ ಹರಿಯುತ್ತಿದ್ದ ದಾರಿ ಸರಳ. ಪಾಳಿ ಮುಗಿದ ಮೇಲೆ ಕಾರ್ಯದರ್ಶಿ ಆ ಹೊತ್ತಿನ ಮೊತ್ತವನ್ನು ಮಾರ್ಗದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು. ಮೇಲ್ವಿಚಾರಕರು ಅದನ್ನು ಎಕ್ಸೆಲ್‌ಗೆ ಏರಿಸಬೇಕು. ಟ್ಯಾಂಕರ್ ಕೇಂದ್ರಕ್ಕೆ ಬಂದಾಗ ತೂಗಿ, ಲೀಟರಿಗೆ ಪರಿವರ್ತಿಸಿ ಇನ್ನೊಂದು ಕಡತದಲ್ಲಿ ಬರೆಯಬೇಕು. ಸಂಜೆ 4ಕ್ಕೆ ಎರಡನ್ನೂ ಹೋಲಿಸಿದ ಹಾಳೆ ವ್ಯವಸ್ಥಾಪಕರಿಗೆ ಹೋಗಬೇಕು.

ಸಮಸ್ಯೆ

ಆ ಹಾಳೆಯಲ್ಲಿ ದಿನವೂ ಕೊರತೆ ಕಾಣುತ್ತಿತ್ತು. ಸಂಘಗಳು ಕಳಿಸಿದೆವೆಂದು ಹೇಳಿದ್ದಕ್ಕಿಂತ ಕೇಂದ್ರಕ್ಕೆ ಬಂದದ್ದು ತಿಂಗಳ ಸರಾಸರಿಯಲ್ಲಿ ದಿನಕ್ಕೆ ಸುಮಾರು 600 ಲೀಟರ್ ಕಡಿಮೆ. ಒಂದು ದಿನ ಶೇ 4 ಕೊರತೆ, ಮರುದಿನ ಶೇ 1 ಹೆಚ್ಚುವರಿ, ಹಬ್ಬದ ಹಿಂದುಮುಂದು ಇನ್ನೂ ಏರುಪೇರು. ಸಾಗಣೆಯಲ್ಲಿ ಕದಿಯುತ್ತಿದ್ದಾರೆ ಎಂದು ಕೆಲವರು, ಸಂಘದಲ್ಲೇ ಸುಳ್ಳು ಬರೆಯುತ್ತಿದ್ದಾರೆ ಎಂದು ಕೆಲವರು. 11 ಸಂಘಗಳಿಗೆ ಕಾರಣ ಕೇಳಿ ನೋಟಿಸ್ ಹೋಯಿತು. ಒಂದು ಮಹಿಳಾ ಸಂಘದಲ್ಲಿ ಆಡಳಿತ ಮಂಡಳಿಯೇ ಹೆದರಿ, ಕಾರ್ಯದರ್ಶಿಯನ್ನು ಎರಡು ತಿಂಗಳು ಬಟವಾಡೆಯ ಹಣ ಮುಟ್ಟದಂತೆ ದೂರವಿಟ್ಟಿತು. ಚಿಕ್ಕ ಊರಿನಲ್ಲಿ ಹೀಗಾದರೆ ಆ ಹೆಣ್ಣುಮಗಳು ಅಂಗಡಿಗೆ ಹೋಗಿಬರುವುದೂ ಕಷ್ಟ. ಮಾಹಿತಿ ವ್ಯವಸ್ಥೆಯ ತಪ್ಪು ಬರೀ ಕಂಪ್ಯೂಟರಿನೊಳಗೆ ಉಳಿಯುವುದಿಲ್ಲ, ಮನುಷ್ಯರ ಮಾನದ ಮೇಲೆ ಬಂದು ಬೀಳುತ್ತದೆ.

ಮೊದಲ ಯತ್ನ: ಹೆಚ್ಚು ವರದಿ

ಮಾಹಿತಿ ಸಾಲದು ಎಂದುಕೊಂಡು ಕೇಂದ್ರ ಒಂದು ಹೊಸ ಆ್ಯಪ್ ತರಿಸಿತು. ಪರದೆ ತುಂಬ ಗ್ರಾಫು, ದಿನಕ್ಕೆ 26 ವರದಿ. ಅಮೆರಿಕದ ನಿರ್ವಹಣಾ ಚಿಂತಕ ರಸೆಲ್ ಏಕಾಫ್ ಇದೇ ಎಡವಟ್ಟಿನ ಬಗ್ಗೆ 1967ರಲ್ಲೇ ಎಚ್ಚರಿಸಿದ್ದರು. ವ್ಯವಸ್ಥಾಪಕರು ನರಳುವುದು ಬೇಕಾದ ಮಾಹಿತಿ ಇಲ್ಲದ್ದರಿಂದ ಎನ್ನುವುದಕ್ಕಿಂತ ಬೇಡದ್ದರ ರಾಶಿಯಿಂದ ಎಂದು. ಇಲ್ಲಿಯೂ ಆ 26ರಲ್ಲಿ ವ್ಯವಸ್ಥಾಪಕರು ತೆರೆಯುತ್ತಿದ್ದದ್ದು ಮೊದಲ ಪುಟ ಮಾತ್ರ.

ಆ್ಯಪ್ ಬಂದರೂ ಹಳೆಯ ರಿಜಿಸ್ಟರ್ ನಿಲ್ಲಲಿಲ್ಲ, ವಾಟ್ಸ್ಆ್ಯಪ್ ಸಂದೇಶವೂ ನಿಲ್ಲಲಿಲ್ಲ. ಒಂದೇ ಅಂಕಿಯನ್ನು ಕಾರ್ಯದರ್ಶಿ ಮೂರು ಕಡೆ ಬರೆಯಬೇಕಾಯಿತು. ಬೆಳಿಗ್ಗೆ 6ರಿಂದ 8ರವರೆಗೆ ಸಾಲಾಗಿ ನಿಂತ ಜನರ ಹಾಲು ಅಳೆದು, ಚೀಟಿ ಕೊಟ್ಟು, ಟ್ಯಾಂಕರಿಗೆ ಹಾಲು ತುಂಬಿಸಿ, ಪಾತ್ರೆ ತೊಳೆಸುವ ಹೊತ್ತಿಗೆ ಆ್ಯಪ್ ತೆರೆಯುವ ವ್ಯವಧಾನ ಯಾರಿಗಿದೆ? ರಾತ್ರಿ ಮನೆಯಲ್ಲಿ ನೆಟ್‌ವರ್ಕ್ ಸಿಕ್ಕಾಗ ನೆನಪಿದ್ದಷ್ಟು ತುಂಬಿಸುತ್ತಿದ್ದರು.

ಆಗ ಬಂತು ದಂಡ. ಬೆಳಿಗ್ಗೆ 9ರೊಳಗೆ ಅಂಕಿ ಬಾರದಿದ್ದರೆ ಸಂಘದ ಹೆಸರು ಕೆಂಪು ಪಟ್ಟಿಗೆ. ಎರಡೇ ವಾರದಲ್ಲಿ ಎಲ್ಲ ಅಂಕಿಗಳೂ ಹೊತ್ತಿಗೆ ಸರಿಯಾಗಿ ಬರತೊಡಗಿದವು. ಅದು ನಿಜವಾಗಿ ಸುಧಾರಣೆಯೇ ಎಂದು ಪರೀಕ್ಷಿಸಲು ಒಕ್ಕೂಟದ ಲೆಕ್ಕಪತ್ರ ವಿಭಾಗದವರೊಬ್ಬರು ಒಂದು ಸಣ್ಣ ಕೆಲಸ ಮಾಡಿದರು. 62 ಸಂಘ, 7 ದಿನ, 2 ಪಾಳಿ: ಒಟ್ಟು 868 ನಮೂದುಗಳ ಕೊನೆಯ ಅಂಕಿಯನ್ನಷ್ಟೇ ಎಣಿಸಿದರು. ನಿಜವಾಗಿ ಅಳೆದ ಹಾಲಿನ ಮೊತ್ತ 0 ಅಥವಾ 5ರಲ್ಲಿ ಕೊನೆಯಾಗುವ ಸಂಭವ ಹತ್ತರಲ್ಲಿ ಎರಡು, ಅಂದರೆ ಸುಮಾರು 174. ಇಲ್ಲಿ 374 ನಮೂದುಗಳು ಹಾಗಿದ್ದವು. ದಂಡಕ್ಕೆ ಹೆದರಿ ಜನ ಅಂದಾಜು ಬರೆದು ಕಳಿಸುತ್ತಿದ್ದರು. ಯಾವ ಸಂಸ್ಥೆಯಲ್ಲಾದರೂ ಮಾಡಿ ನೋಡಬಹುದಾದ ಪರೀಕ್ಷೆ ಇದು, ಅರ್ಧ ಗಂಟೆಯ ಕೆಲಸ. ಹೊತ್ತಿಗೆ ಬಂದ ಸುಳ್ಳು ಅಂಕಿಗಿಂತ ತಡವಾಗಿ ಬಂದ ನಿಜವಾದ ಅಂಕಿ ಎಷ್ಟೋ ಮೇಲು, ಏಕೆಂದರೆ ತಡವಾದದ್ದು ತಡವಾಗಿದೆ ಎಂದು ಕಣ್ಣಿಗೆ ಕಾಣುತ್ತದೆ.

ತಿರುವು: ಒಂದು ಮಾರ್ಗ, 9 ಸಂಘ

ಆ್ಯಪನ್ನು ಪಕ್ಕಕ್ಕಿಟ್ಟು ಒಂದೇ ಮಾರ್ಗದ 9 ಸಂಘಗಳಿಗೆ ಹೋಗಿ, ರೈತರ ಪಾತ್ರೆಯಿಂದ, ಕೇಂದ್ರದಲ್ಲಿ ಹಾಲು ಇಳಿಸಿ ತೂಗುವ ಕಟ್ಟೆಯಾದ ಡಾಕ್‌ವರೆಗೆ ಅಂಕಿಯ ಹಿಂದೆಯೇ ನಡೆದು ನೋಡುವುದೆಂದು ತೀರ್ಮಾನವಾಯಿತು. ಇಡೀ ಪ್ರಕರಣದಲ್ಲಿ ಇದೇ ದೊಡ್ಡ ನಿರ್ಧಾರ. ವಿಸ್ತರಣಾಧಿಕಾರಿ, ಲೆಕ್ಕಪತ್ರದವರು, ಡಾಕ್‌ನಲ್ಲಿ ತೂಗುವವರು ಮೂವರೂ ಜೊತೆಗೇ ಹೋದರು.

ಮೊದಲು ಸಿಕ್ಕಿದ್ದು ದಿನದ ಗೊಂದಲ. ಸಂಘಕ್ಕೆ ‘10ನೇ ತಾರೀಕು’ ಎಂದರೆ 10ರ ಬೆಳಿಗ್ಗೆ ಮತ್ತು 10ರ ಸಂಜೆ. ಬಿಎಂಸಿಯಲ್ಲಿ ಸಂಜೆಯ ಹಾಲು ರಾತ್ರಿಯೆಲ್ಲ ಟ್ಯಾಂಕಿನಲ್ಲಿದ್ದು ಮರುದಿನ ಬೆಳಗಿನ ಹಾಲಿನ ಜೊತೆ ಸೇರಿ ಹೊರಡುತ್ತದೆ. ಹಾಗಾಗಿ ಕೇಂದ್ರಕ್ಕೆ ‘10ನೇ ತಾರೀಕು’ ಎಂದರೆ 9ರ ಸಂಜೆ ಮತ್ತು 10ರ ಬೆಳಿಗ್ಗೆ. ಎರಡು ಬೇರೆ ಹಾಲುಗಳನ್ನು ಒಂದೇ ಎಂದು ತಿಳಿದು ವರ್ಷಗಟ್ಟಲೆ ಹೋಲಿಸಿದ್ದರು. ಶೇ 4, ಶೇ 1 ಎಂದು ಅಂಕಿ ಕುಣಿಯುತ್ತಿದ್ದದ್ದು ಇದರಿಂದ.

ಎರಡನೆಯದು ಮಾತಿನ ಗೊಂದಲ. ‘ಸಂಗ್ರಹಣೆ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಕೆಲವು ಸಂಘಗಳು ರೈತರಿಂದ ಕೊಂಡದ್ದನ್ನು ಬರೆಯುತ್ತಿದ್ದವು, ಕೆಲವು ಊರಿನಲ್ಲಿ ಮಾರಿದ್ದನ್ನು ಕಳೆದು ಕಳಿಸಿದ್ದನ್ನು ಬರೆಯುತ್ತಿದ್ದವು. ಹಬ್ಬದ ದಿನ ಸ್ಥಳೀಯ ಮಾರಾಟ ಏರಿದಾಗ ಮೊದಲ ಗುಂಪಿನ ‘ಕೊರತೆ’ಯೂ ಏರುತ್ತಿತ್ತು.

ಈ ಎರಡನ್ನೂ ಸರಿಪಡಿಸಿ, ಟ್ಯಾಂಕರ್ ಒಮ್ಮೆ ಟ್ಯಾಂಕು ಬರಿದು ಮಾಡಿದ್ದರಿಂದ ಮತ್ತೊಮ್ಮೆ ಬರಿದು ಮಾಡುವವರೆಗಿನ ಹಾಲನ್ನೇ ಒಂದು ಘಟಕ, ಅಂದರೆ ಒಂದು ‘ಸುತ್ತು’ ಎಂದು ಹಿಡಿದು ಹಿಂದಿನ ಮೂರು ವಾರದ ಲೆಕ್ಕವನ್ನು ಮತ್ತೆ ಹಾಕಿದರು. ಕುಣಿಯುತ್ತಿದ್ದ ಅಂಕಿಗಳು ಒಮ್ಮೆಲೇ ನಿಂತವು. 5 ಸಂಘಗಳ ವ್ಯತ್ಯಾಸ ಶೇ 0.5ರೊಳಗೆ. ಉಳಿದ 4 ಸಂಘಗಳಲ್ಲಿ ಮಾತ್ರ ಕೊರತೆ ಹಾಗೇ ಇತ್ತು, ಮತ್ತು ಅದು ದಿನವೂ ಶೇ 2.9ರ ಅಕ್ಕಪಕ್ಕವೇ ಇತ್ತು.

ಕಳ್ಳತನ ಹೀಗಿರುವುದಿಲ್ಲ. 700 ಲೀಟರ್ ಬಂದ ದಿನವೂ 1,100 ಲೀಟರ್ ಬಂದ ದಿನವೂ ಅದೇ ಪ್ರಮಾಣದಲ್ಲಿ ಕದಿಯಲು ಕಳ್ಳನೂ ತಕ್ಕಡಿ ಹಿಡಿದು ಕೂರಬೇಕಾಗುತ್ತದೆ. ಅಳತೆಯ ಮಾನ ಬದಲಾದಾಗ ವ್ಯತ್ಯಾಸ ಇಷ್ಟು ಸ್ಥಿರವಾಗಿರುತ್ತದೆ. ಹಾಲು ನೀರಿಗಿಂತ ತುಸು ಭಾರ, ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಸಂಘ ಕೆ.ಜಿ.ಯಲ್ಲಿ 1,030 ಎಂದು ಬರೆದದ್ದು ಡಾಕ್‌ನಲ್ಲಿ 1,000 ಲೀಟರ್ ಆದರೆ ಕೊರತೆ 30, ಅಂದರೆ ಶೇ 2.91.

ನೋಟಿಸ್ ಪಡೆದಿದ್ದ ಮಹಿಳಾ ಸಂಘವೂ ಆ ನಾಲ್ಕರಲ್ಲಿತ್ತು. ವಿಸ್ತರಣಾಧಿಕಾರಿ ಅಲ್ಲಿ ಪ್ರಿಂಟರಿನಿಂದ ಆಗಷ್ಟೇ ಬಂದ ಪಾಳಿ ಮೊತ್ತದ ಚೀಟಿ ತೋರಿಸಿ ಕೇಳಿದರು: ‘ಮೇಡಂ, ಇದು ಕೆ.ಜಿ.ನೋ ಲೀಟರೋ?’

‘ಚೀಟೀಲಿ ಬಂದಿದ್ದನ್ನ ಹಂಗೇ ಹಾಕ್ತೀನಿ ಸಾರ್. ನನಗಿಂತ ಮುಂಚೆ ಇದ್ದೋರೂ ಹಂಗೇ ಹಾಕ್ತಿದ್ರು. ರೈತ್ರ ಚೀಟೀಲಿ ಲೀಟರ್ ಅಂತ ಬರುತ್ತೆ, ಇದ್ರಲ್ಲಿ ಬರೀ ನಂಬರ್ ಬರುತ್ತೆ.’

ಇಷ್ಟೇ ಇದ್ದದ್ದು. ಒಂದು ಕಂಪನಿಯ ಯಂತ್ರ ರೈತರ ಚೀಟಿಯಲ್ಲಿ ಲೀಟರ್ ಮುದ್ರಿಸಿ, ಪಾಳಿಯ ಮೊತ್ತವನ್ನು ಕೆ.ಜಿ.ಯಲ್ಲಿ ಮುದ್ರಿಸುತ್ತಿತ್ತು, ಮಾನದ ಹೆಸರಿಲ್ಲದೆ. ಇಡೀ ಕೇಂದ್ರದಲ್ಲಿ ಅಂಥ ಯಂತ್ರಗಳು 23. ಅವುಗಳ ಹಾಲು ಒಟ್ಟು 19,000 ಲೀಟರಿನಷ್ಟು, ಅದರ ಮೇಲೆ ಶೇ 3 ಹೆಚ್ಚಿಗೆ ಬರೆದರೆ 570. ದಿನವೂ ‘ಕಾಣೆಯಾಗುತ್ತಿದ್ದ’ 600 ಲೀಟರಿನ ಬಹುಪಾಲು ಹಾಲೇ ಆಗಿರಲಿಲ್ಲ.

ಕೊಬ್ಬಿನ ಲೆಕ್ಕ

ಪ್ರಮಾಣ ಸರಿಹೋದ ಮೇಲೆ ಗುಣಮಟ್ಟದ ಅಂಕಿಗಳ ಮೇಲೂ ಅನುಮಾನ ಹುಟ್ಟಿತು, ಅದು ಸಹಜವೇ. ಅಲ್ಲಿ ಎರಡು ತಪ್ಪು ಸಿಕ್ಕವು. ಎರಡೂ ಡೈರಿಯ ಹೊರಗೂ ಎಲ್ಲೆಲ್ಲೂ ಕಾಣುವಂಥವು.

ಒಂದು, ಸರಾಸರಿ. ಮಾರ್ಗದ ಫ್ಯಾಟ್ (ಹಾಲಿನಲ್ಲಿರುವ ಕೊಬ್ಬಿನ ಶೇಕಡಾ) ಸರಾಸರಿಯನ್ನು ಎಕ್ಸೆಲ್ ಹಾಳೆ ಸಂಘಗಳ ಸರಾಸರಿಗಳನ್ನು ಕೂಡಿ ಭಾಗಿಸಿ ಕೊಡುತ್ತಿತ್ತು. ಒಂದು ಸಂಘದ 200 ಕೆ.ಜಿ. ಹಾಲಿಗೆ ಫ್ಯಾಟ್ 4.4, ಇನ್ನೊಂದರ 1,800 ಕೆ.ಜಿ.ಗೆ 3.6 ಎನ್ನೋಣ. ಸುಮ್ಮನೆ ಕೂಡಿ ಭಾಗಿಸಿದರೆ 4.0, ಅಂದರೆ 2,000 ಕೆ.ಜಿ.ಯಲ್ಲಿ 80 ಕೆ.ಜಿ. ಕೊಬ್ಬು ಇರಬೇಕು. ನಿಜವಾಗಿ ಇರುವುದು 8.8 ಮತ್ತು 64.8, ಒಟ್ಟು 73.6 ಕೆ.ಜಿ., ಸರಿಯಾದ ಸರಾಸರಿ 3.68. ತಪ್ಪು ಸರಾಸರಿ ನಂಬಿದವರಿಗೆ ಪ್ರತಿ ಸುತ್ತಿನಲ್ಲೂ 6.4 ಕೆ.ಜಿ. ಕೊಬ್ಬು ಕಳುವಾದಂತೆ ಕಾಣುತ್ತದೆ. ಶೇಕಡಾವಾರುಗಳನ್ನು ಕೂಡಬಾರದು, ಕೆ.ಜಿ.ಗಳನ್ನು ಕೂಡಿ ಕೊನೆಗೆ ಶೇಕಡಾ ತೆಗೆಯಬೇಕು.

ಎರಡು, ಎಸ್‌ಎನ್‌ಎಫ್ ಸೂತ್ರ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ತಿದ್ದಿದ ರೀಡಿಂಗಿನಿಂದ (ಸಿಎಲ್‌ಆರ್) ಎಸ್‌ಎನ್‌ಎಫ್, ಅಂದರೆ ಕೊಬ್ಬೇತರ ಘನಾಂಶ, ತೆಗೆಯಲು ದೇಶದ ಡೈರಿಗಳಲ್ಲಿ ಒಂದಕ್ಕಿಂತ ಹೆಚ್ಚು ಸೂತ್ರಗಳು ಬಳಕೆಯಲ್ಲಿವೆ. ಇಲ್ಲಿ ಕೆಲವು ಸಂಘಗಳ ಯಂತ್ರದಲ್ಲಿದ್ದದ್ದು ಸಿಎಲ್‌ಆರ್ ÷ 4 + 0.25 × ಫ್ಯಾಟ್ + 0.44. ಕೇಂದ್ರದ ಪ್ರಯೋಗಾಲಯದಲ್ಲಿದ್ದದ್ದು ಸಿಎಲ್‌ಆರ್ ÷ 4 + 0.21 × ಫ್ಯಾಟ್ + 0.36. ಫ್ಯಾಟ್ 4.0, ಸಿಎಲ್‌ಆರ್ 28.5 ಇರುವ ಅದೇ ಹಾಲು ಸಂಘದಲ್ಲಿ 8.57 ತೋರಿಸಿ 8.5ರ ಮಿತಿ ದಾಟುತ್ತದೆ. ಕೇಂದ್ರದಲ್ಲಿ 8.33 ತೋರಿಸಿ ಕೆಳಗೆ ಬೀಳುತ್ತದೆ. ಸಂಘ ರೈತರಿಗೆ ಪೂರ್ತಿ ದರ ಕೊಟ್ಟು, ಕೇಂದ್ರದಿಂದ ಕಡಿಮೆ ದರ ಪಡೆದು, ವರ್ಷದ ಕೊನೆಗೆ ನಷ್ಟ ಯಾಕಾಯಿತೆಂದು ತಲೆ ಕೆಡಿಸಿಕೊಳ್ಳುತ್ತಿತ್ತು.

ಮತ್ತೆ ಕಟ್ಟಿದ ಬಗೆ

ಹೊಸ ತಂತ್ರಾಂಶ ಕೊಳ್ಳಲಿಲ್ಲ. ಮೊದಲು ಒಂದೂವರೆ ಪುಟದ ಪದಪಟ್ಟಿ ಸಿದ್ಧವಾಯಿತು. ಕೊಂಡದ್ದು, ಸ್ಥಳೀಯ ಮಾರಾಟ, ಸ್ಯಾಂಪಲ್, ಕೆಟ್ಟದ್ದು, ಕಳಿಸಿದ್ದು, ಬಂದದ್ದು: ಆರು ಪದ. ಪ್ರತಿಯೊಂದರ ಎದುರು ಅದು ಎಲ್ಲಿ ಅಳತೆಯಾಗುತ್ತದೆ, ಯಾವ ಮಾನದಲ್ಲಿ, ಯಾರು ಬರೆಯುತ್ತಾರೆ, ತಿದ್ದುವ ಅಧಿಕಾರ ಯಾರದು ಎಂದು ಬರೆದರು. ಎಲ್ಲ ಕಡೆ ಮಾನ ಕೆ.ಜಿ. ರೈತರ ಚೀಟಿ ಮಾತ್ರ ಲೀಟರಿನಲ್ಲೇ ಉಳಿಯಿತು. ಜನ ಲೀಟರಿನಲ್ಲಿ ಯೋಚಿಸುತ್ತಾರೆ, ಸರ್ಕಾರದ ಪ್ರೋತ್ಸಾಹಧನ ಬರುವುದೂ ಲೀಟರಿನ ಲೆಕ್ಕದಲ್ಲಿ. ಪರಿವರ್ತನೆ ಒಂದೇ ಕಡೆ, ಯಂತ್ರದಲ್ಲಿ, 1.03ರಿಂದ. ಕೈಲೆಕ್ಕದಲ್ಲಿ ಯಾರೂ ಮಾಡುವಂತಿಲ್ಲ. ಎಕ್ಸೆಲ್‌ನಲ್ಲಿ 0047 ಎಂಬ ಸಂಘದ ಸಂಕೇತ 47 ಆಗಿ, ಒಂದೇ ಸಂಘ ಎರಡು ಸಾಲಿನಲ್ಲಿ ಕಾಣುತ್ತಿದ್ದ ತೊಂದರೆಯೂ ಇತ್ತು. ಆ ಕಾಲಮ್ಮನ್ನು ಅಂಕಿಯ ಬದಲು ಪಠ್ಯವಾಗಿ ಇಟ್ಟು ಅದನ್ನು ನಿವಾರಿಸಿದರು.

ತಾಳೆ ನೋಡುವ ಸಮೀಕರಣವೂ ಒಂದೇ ಸಾಲಿನದು: ಟ್ಯಾಂಕಿನ ಆರಂಭದ ಶಿಲ್ಕು + ಕೊಂಡದ್ದು = ಕಳಿಸಿದ್ದು + ಸ್ಥಳೀಯ ಮಾರಾಟ + ಸ್ಯಾಂಪಲ್ + ಕೆಟ್ಟದ್ದು + ಕೊನೆಯ ಶಿಲ್ಕು. ಇದು ತಾಳೆಯಾಗದ ನಮೂದನ್ನು ಹಾಳೆ ತೆಗೆದುಕೊಳ್ಳುವುದಿಲ್ಲ. ಫ್ಯಾಟ್ 2.5ಕ್ಕಿಂತ ಕಡಿಮೆ ಅಥವಾ 6ಕ್ಕಿಂತ ಹೆಚ್ಚು ಹಾಕಿದರೆ ಮತ್ತೊಮ್ಮೆ ಕೇಳುತ್ತದೆ. ಬೆಳಿಗ್ಗೆ 11ಕ್ಕೆ ಆ ಸುತ್ತಿನ ಲೆಕ್ಕಕ್ಕೆ ಬೀಗ. ಆಮೇಲೆ ತಪ್ಪು ಕಂಡರೆ ಹಳೆಯದರ ಮೇಲೆ ಬರೆಯುವಂತಿಲ್ಲ, ಕಾರಣ ಸಹಿತ ತಿದ್ದುಪಡಿ ನಮೂದು ಹಾಕಬೇಕು. ಮೂರು ಕಡೆ ಬರೆಯುವ ಕೆಲಸ ತಪ್ಪಿಸಲು, ಯಂತ್ರದ ಪಾಳಿ ಕಡತವನ್ನೇ ನೇರವಾಗಿ ಕಳಿಸುವ ಏರ್ಪಾಡಾಯಿತು. ಯಂತ್ರ ಕೆಟ್ಟ ದಿನ ಮಾತ್ರ ಫೋನಿನಲ್ಲಿ ಚೀಟಿಯ ಫೋಟೊ. ತಡವಾದರೆ ದಂಡವಿಲ್ಲ, ಆದರೆ ‘ಬಂದಿಲ್ಲ’ ಎಂದು ಖಾಲಿ ಬಿಡಬೇಕು, ನಿನ್ನೆಯದನ್ನು ತುಂಬಬಾರದು.

ವರದಿಗಳ ವಿಷಯಕ್ಕೆ ಬಂದಾಗ ‘ನಿಮಗೆ ಏನು ಮಾಹಿತಿ ಬೇಕು’ ಎಂದು ಯಾರನ್ನೂ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಎಲ್ಲವೂ ಬೇಕು ಎನ್ನುತ್ತಾರೆ. ‘ಇವತ್ತು ನೀವು ಏನು ತೀರ್ಮಾನ ಮಾಡಬೇಕು, ಎಷ್ಟು ಗಂಟೆಯೊಳಗೆ’ ಎಂದು ಕೇಳಿದರು. ಡಾಕ್ ಉಸ್ತುವಾರಿಯವರು ಯಾವ ಮಾರ್ಗಕ್ಕೆ ಎಷ್ಟು ದೊಡ್ಡ ಟ್ಯಾಂಕರ್ ಎಂದು ಬೆಳಿಗ್ಗೆ 8.15ರೊಳಗೆ ಹೇಳಬೇಕು. ಅವರಿಗೆ ಬೇಕಾದದ್ದು ಮಾರ್ಗವಾರು ಒಂದು ಅಂದಾಜು, ಕಾಸುಪೈಸೆ ಲೆಕ್ಕವಲ್ಲ. ಮೇಲ್ವಿಚಾರಕರು ಇವತ್ತು ಯಾವ ಸಂಘಕ್ಕೆ ಹೋಗಬೇಕೆಂದು ನೋಡುತ್ತಾರೆ. ಅವರಿಗೆ 62 ಸಾಲಿನ ಹಾಳೆ ಬೇಡ, ಸತತ ಮೂರು ಸುತ್ತು ಶೇ 0.5 ಮೀರಿದ ಸಂಘಗಳ ಹೆಸರು ಸಾಕು. ಒಂದೇ ಸುತ್ತಿನ ವ್ಯತ್ಯಾಸಕ್ಕೆ ಓಡಿದರೆ ದಿನವಿಡೀ ಓಡುತ್ತಲೇ ಇರಬೇಕಾಗುತ್ತದೆ. ವಿಸ್ತರಣಾಧಿಕಾರಿಗಳಿಗೆ ವಾರಕ್ಕೆರಡು ಬಾರಿ ಎಸ್‌ಎನ್‌ಎಫ್ ಇಳಿಯುತ್ತಿರುವ ಸಂಘಗಳು, ವ್ಯವಸ್ಥಾಪಕರಿಗೆ ವಾರಕ್ಕೊಮ್ಮೆ ಕೊಬ್ಬು ಮತ್ತು ಘನಾಂಶದ ಕೆ.ಜಿ. ಲೆಕ್ಕ, ಆಡಳಿತ ಮಂಡಳಿಗೆ ತಿಂಗಳಿಗೊಂದು ಪುಟ. 26 ವರದಿಗಳು 5ಕ್ಕೆ ಇಳಿದವು. ಮೇಲಕ್ಕೆ ಹೋದಂತೆ ವಿವರ ಕಡಿಮೆ, ಅವಧಿ ದೀರ್ಘ. ಕೆಳಗೆ ಬಂದಂತೆ ವಿವರ ಹೆಚ್ಚು, ಗಡಿಯಾರ ಬಿಗಿ.

ಒಂದೇ ಮಾರ್ಗದಲ್ಲಿ 6 ವಾರ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿ, ಆಮೇಲೆ 3 ತಿಂಗಳಲ್ಲಿ ಉಳಿದ ಮಾರ್ಗಗಳಿಗೆ ಹರಡಿದರು.

ಆದದ್ದು

62ರಲ್ಲಿ 58 ಸಂಘಗಳ ವ್ಯತ್ಯಾಸ ಶೇ 0.5ರೊಳಗೆ ಬಂತು. ಉಳಿದದ್ದು 4, ಮತ್ತು ಈಗ ಅವು ಕಣ್ಣಿಗೆ ಕಾಣುತ್ತಿದ್ದವು. ಒಂದರಲ್ಲಿ ಬಿಎಂಸಿ ಟ್ಯಾಂಕಿನ ಒಂದು ಕಾಲಿನ ಕೆಳಗೆ ನೆಲ ಕುಸಿದು ಟ್ಯಾಂಕು ವಾಲಿತ್ತು. ಡಿಪ್ ಸ್ಟಿಕ್ (ಆಳ ಅಳೆಯುವ ಕೋಲು) ಅದ್ದಿ, ಆ ಆಳಕ್ಕೆ ಎಷ್ಟು ಹಾಲು ಎಂದು ತಿಳಿಸುವ ಪಟ್ಟಿ ನೋಡಿ ಓದಿದ ಅಂಕಿ ಆದ್ದರಿಂದ ತಪ್ಪುತ್ತಿತ್ತು. ಟ್ಯಾಂಕನ್ನು ಮಟ್ಟಕ್ಕೆ ನಿಲ್ಲಿಸಿದ ಮೇಲೆ ಸರಿಹೋಯಿತು. ಎರಡನೆಯದರಲ್ಲಿ ಬೇರೆ ಅಳತೆಯ ಟ್ಯಾಂಕಿನ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದರು. ಮೂರನೆಯದರಲ್ಲಿ ಟ್ಯಾಂಕರ್ ಹೊರಡುವ ಅವಸರದಲ್ಲಿ ಹೋಸಿನಲ್ಲಿ ಉಳಿದ ಹಾಲು ತೊಳೆನೀರಿನ ಜೊತೆ ಚರಂಡಿ ಸೇರುತ್ತಿತ್ತು. ನಾಲ್ಕನೆಯದರಲ್ಲಿ ಮಾತ್ರ ನಿಜವಾದ ಅಕ್ರಮವಿತ್ತು, ಅದರ ಮೇಲೆ ನಿಯಮದಂತೆ ಕ್ರಮವಾಯಿತು. ವಿಶೇಷವೆಂದರೆ ಮೊದಲು ನೋಟಿಸ್ ಹೋಗಿದ್ದ 11 ಸಂಘಗಳಲ್ಲಿ ಈ ಸಂಘ ಇರಲೇ ಇಲ್ಲ. ಎಲ್ಲರ ಅಂಕಿಯೂ ಕದಡಿದ್ದಾಗ ಅದು ಸಲೀಸಾಗಿ ಮರೆಯಲ್ಲಿತ್ತು.

11 ನೋಟಿಸ್‌ಗಳನ್ನೂ ಲಿಖಿತವಾಗಿ ಹಿಂದೆಗೆದುಕೊಂಡರು. ಮಹಿಳಾ ಸಂಘದ ವಿಷಯದಲ್ಲಿ ಪತ್ರವಷ್ಟೇ ಸಾಲದೆಂದು ವಿಸ್ತರಣಾಧಿಕಾರಿಯೇ ಸರ್ವ ಸದಸ್ಯರ ಸಭೆಗೆ ಹೋಗಿ, ತಪ್ಪು ಯಂತ್ರದ ಚೀಟಿಯಲ್ಲಿತ್ತೆಂದು ಎಲ್ಲರೆದುರು ಹೇಳಿದರು. ಇಂಥ ಪ್ರಕರಣಗಳಲ್ಲಿ ಈ ಹೆಜ್ಜೆಯನ್ನು ಬಹಳ ಕಡೆ ಮರೆಯುತ್ತಾರೆ. ಮರೆತ ಕಡೆ ಮುಂದೆ ಕೆಳಗಿನಿಂದ ನಿಜವಾದ ಅಂಕಿ ಬರುವುದಿಲ್ಲ.

ಎಲ್ಲವೂ ಬಗೆಹರಿಯಲಿಲ್ಲ. ತಿಂಗಳ ಕೊನೆಯ ಸಂಜೆಯ ಹಾಲು ಕೇಂದ್ರದ ಲೆಕ್ಕದಲ್ಲಿ ಮುಂದಿನ ತಿಂಗಳಿಗೆ ಹೋಗುತ್ತದೆ, ಸಂಘದ ಬಟವಾಡೆಯಲ್ಲಿ ಅದೇ ತಿಂಗಳಲ್ಲಿ ಬರುತ್ತದೆ. ಇದನ್ನು ಒಂದು ಹೊಂದಾಣಿಕೆ ಸಾಲಿನಲ್ಲಿ ತೋರಿಸುತ್ತಾರೆ, ಪ್ರತಿ ಮಾರ್ಚಿಯಲ್ಲೂ ಲೆಕ್ಕಪರಿಶೋಧಕರು ಅದರ ಬಗ್ಗೆ ಕೇಳುತ್ತಾರೆ. ಎಸ್‌ಎನ್‌ಎಫ್ ಸೂತ್ರ ಬದಲಿಸಿದಾಗ ಕೆಲವು ಊರುಗಳಲ್ಲಿ ರೈತರ ಚೀಟಿಯ ಅಂಕಿ ಒಂದೇ ದಿನದಲ್ಲಿ ಇಳಿದು ಗಲಾಟೆಯಾಯಿತು. ಮುಂಚೆಯೇ ಸಭೆ ಕರೆದು ತಿಳಿಸಿದ್ದ ಊರುಗಳಲ್ಲಿ ಆಗಲಿಲ್ಲ.

ವರದಿಗಳು ಮತ್ತೆ ಬೆಳೆಯದಂತೆ ಕೇಂದ್ರ ಒಂದು ರೂಢಿ ಇಟ್ಟುಕೊಂಡಿದೆ. ವರ್ಷಕ್ಕೊಮ್ಮೆ ಪ್ರತಿ ವರದಿಯನ್ನೂ ಒಂದು ವಾರ ಹೇಳದೆ ಕೇಳದೆ ನಿಲ್ಲಿಸುತ್ತಾರೆ. ಯಾರೂ ಫೋನ್ ಮಾಡದಿದ್ದರೆ ಅದು ಅಲ್ಲಿಗೇ ಮುಗಿಯಿತು. ಹಳೆಯ 26ರಲ್ಲಿ 21ನ್ನು ಕೈಬಿಟ್ಟಾಗ ಒಂದೇ ಒಂದು ಫೋನ್ ಬಂದಿತ್ತು, ಉಗ್ರಾಣದವರಿಂದ. ಸಂಘವಾರು ಪಶು ಆಹಾರದ ಚೀಲಗಳ ಶಿಲ್ಕು ತೋರಿಸುತ್ತಿದ್ದ ಹಾಳೆ ಬಂದಿಲ್ಲವೆಂದು. ಹಾಲು ತರಲು ಖಾಲಿ ಹೋಗುವ ಗಾಡಿಯಲ್ಲಿ ಯಾವ ಊರಿಗೆ ಎಷ್ಟು ಚೀಲ ಏರಿಸಬೇಕೆಂದು ಅವರು ದಿನವೂ ಅದನ್ನು ನೋಡಿಯೇ ತೀರ್ಮಾನಿಸುತ್ತಿದ್ದರು. ಅದನ್ನು ಆರನೆಯ ವರದಿಯಾಗಿ ಮತ್ತೆ ಸೇರಿಸಿದರು.